ಅಕ್ಕೋರೇ, ಒಂದು ಪ್ರಶ್ನೆ: ರಜೆಯಲ್ಲಿ ಮಕ್ಕಳಿಗೆ ಏನು ತೋರಿಸಲಿ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ರಜೆಯದ್ದೇ. ಶಾಲೆಗೆ ಬೀಗ ಬಿತ್ತು, ಅಪ್ಪ ಅಮ್ಮಂದಿರ ತಲೆಬಿಸಿ ಶುರುವಾಯಿತು. ಹೊಸ ಓದುಗರಿಗೆ ನನ್ನ ಪರಿಚಯ ಎರಡೇ ಮಾತಿನಲ್ಲಿ: ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹುಟ್ಟಿದ್ದು ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ, ಈಗ ಇರುವುದು ಕಾರವಾರದಲ್ಲಿ. ಘಟ್ಟದ ಮೇಲಿನದ್ದೂ ಕೆಳಗಿನದ್ದೂ ಸ್ವಲ್ಪ ಸ್ವಲ್ಪ ಗೊತ್ತು. ಗೊತ್ತಿದ್ದಷ್ಟನ್ನು ಬರೆಯುತ್ತೇನೆ.

ಪ್ರಶ್ನೆ: ಅಕ್ಕೋರೇ, ನಮಗೆ ಇಬ್ಬರು ಮಕ್ಕಳು. ಒಬ್ಬಳಿಗೆ ಹನ್ನೆರಡು, ಒಬ್ಬನಿಗೆ ಒಂಬತ್ತು. ಬೇಸಿಗೆ ಶಿಬಿರದ ಫೀ ಕೇಳಿಯೇ ಸುಸ್ತಾಯಿತು. ಮನೆ ಹತ್ತಿರ ಬೀಚ್ ಇದೆ. ಹೋದರೆ ಮರಳಲ್ಲಿ ಗುಂಡಿ ತೋಡುತ್ತಾರೆ, ಗೋಬಿ ಮಂಚೂರಿ ಬೇಕು ಅಂತಾರೆ, ವಾಪಸ್ ಬರುತ್ತೇವೆ. ಅಲ್ಲಿ ವಿಜ್ಞಾನ ಅಂತ ತೋರಿಸುವುದಕ್ಕೆ ಏನಿದೆ?
– ಒಬ್ಬ ತಾಯಿ, ಕಾರವಾರ

ಉತ್ತರ: ನೀವು ಹೋಗುವ ಹೊತ್ತೇ ಸರಿಯಿಲ್ಲ ಅಂತ ನನ್ನ ಗುಮಾನಿ. ನೀವು ಮನೆಗೆಲಸ ಮುಗಿಸಿಕೊಂಡು ಹೋಗುತ್ತೀರಿ. ಸಮುದ್ರದ ಟೈಮ್‌ಟೇಬಲ್ ಬೇರೆ. ಭರತ, ಅಂದರೆ ಉಬ್ಬರ, ಇದ್ದಾಗ ಹೋದರೆ ಕಾಣುವುದು ಬರೀ ನೀರು. ಇಳಿತದಲ್ಲಿ ಹೋಗಿ.

ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡ. ಇವತ್ತು ನಾಲ್ಕು ಗಂಟೆಗೆ ನೀರು ಪೂರ್ತಿ ಇಳಿದರೆ ನಾಳೆ ಐದಕ್ಕೆ ಹತ್ತು ನಿಮಿಷ ಇರುವಾಗ ಇಳಿಯುತ್ತದೆ. ಭೂಮಿ ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ ಚಂದ್ರ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನನ್ನು ಹಿಡಿಯುವುದಕ್ಕೆ ಇನ್ನಷ್ಟು ತಿರುಗಬೇಕು, ಅದೇ ಆ 50 ನಿಮಿಷ. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಸೂರ್ಯನೂ ಚಂದ್ರನೂ ಒಂದೇ ಗೆರೆಯಲ್ಲಿ ನಿಂತು ಎಳೆಯುತ್ತಾರೆ. ಆಗ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿ ಹೊತ್ತಿಗೆ ಎರಡೂ ಕಡಿಮೆ. ಗಂಟೆ ಲೆಕ್ಕ ಸಿಗದಿದ್ದರೆ ದಂಡೆಯಲ್ಲಿ ಬಲೆ ಸರಿ ಮಾಡುತ್ತ ಕೂತವರನ್ನು ಕೇಳಿ. ಅವರಿಗೆ ಇದು ಬಾಯಿಪಾಠ.

ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ನೌಕರಿ ಸೇರಿದ ಎರಡನೇ ವರ್ಷ ಎಂಟನೇ ಕ್ಲಾಸಿನ ಮಕ್ಕಳನ್ನು ದಂಡೆಗೆ ಕರೆದುಕೊಂಡು ಹೋಗಿದ್ದೆ. ಶಿಸ್ತು ಇರಲಿ ಅಂತ ಎಲ್ಲರ ಚಪ್ಪಲಿಯನ್ನೂ ಒಂದು ಬಂಡೆಯ ಬುಡದಲ್ಲಿ ಸಾಲಾಗಿ ಇಡಿಸಿದೆ. ಉಬ್ಬರ ಇಳಿತದ ಪಾಠವನ್ನೇ ಮಾಡುತ್ತಿದ್ದೆ, ನೋಡಿ. ನನ್ನ ಬೆನ್ನ ಹಿಂದೆ ಭರತ ಬಂದು ಹದಿನೇಳು ಜೊತೆ ಚಪ್ಪಲಿ ಒಯ್ದಿತು. ಮಕ್ಕಳು ಸುಡುವ ಡಾಂಬರಿನ ಮೇಲೆ ಕುಣಿಯುತ್ತಾ ಮನೆಗೆ ಹೋದವು. ಮರುದಿನ ಪಾಲಕರು ಒಬ್ಬೊಬ್ಬರಾಗಿ ಬಂದರು. ಆ ತಿಂಗಳ ಸಂಬಳ ಬಹುಪಾಲು ಚಪ್ಪಲಿ ಅಂಗಡಿಗೆ. ತಿಥಿ ನೋಡದೆ ನಾನು ಮತ್ತೆ ದಂಡೆಗೆ ಇಳಿದಿಲ್ಲ.

ಸರಿ, ನೀರು ಇಳಿದಿದೆ. ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ದೊಡ್ಡ, ಕಡಲೆಗಿಂತ ಸಣ್ಣ ಗುಂಡುಗಳು ಸಾವಿರಗಟ್ಟಲೆ ಬಿದ್ದಿರುತ್ತವೆ. ನಾವು ತುಳಿದುಕೊಂಡು ಹೋಗುತ್ತೇವೆ. ಮಕ್ಕಳನ್ನು ಅಲ್ಲೇ ಕೂರಿಸಿ. ಅಲ್ಲಾಡದೆ ಐದು ನಿಮಿಷ ಕೂತರೆ ಸಾಕು. ಪ್ರತಿ ಗುಂಡಿನ ಗುಂಪಿಗೂ ನಡುವೆ ಒಂದು ಪುಟ್ಟ ತೂತು ಇರುತ್ತದೆ. ಅದರಿಂದ ಉಗುರಿನಷ್ಟು ದೊಡ್ಡ ಏಡಿ ಹೊರಗೆ ಬರುತ್ತದೆ. ಎರಡೂ ಕೊಂಡಿಗಳಿಂದ ಮರಳು ಎತ್ತಿ ಬಾಯಿಗೆ ಹಾಕುತ್ತದೆ. ಮರಳಿಗೆ ಅಂಟಿದ ಕಣ್ಣಿಗೆ ಕಾಣದ ಪಾಚಿ, ಕೊಳೆತ ಚೂರು ಇವನ್ನು ಸೋಸಿ ತಿನ್ನುತ್ತದೆ. ಉಳಿದ ಮರಳನ್ನು ಉಂಡೆ ಕಟ್ಟಿ ಹಿಂದಕ್ಕೆ ತಳ್ಳುತ್ತದೆ. ನಮ್ಮ ಆಯಿ ಅಕ್ಕಿ ಆರಿಸಿ ಕಲ್ಲು ಬದಿಗೆ ಹಾಕುತ್ತಿದ್ದ ಹಾಗೆ. ಒಂದು ಉಂಡೆ ಕಟ್ಟಲು ಎಷ್ಟು ಸೆಕೆಂಡ್ ಬೇಕು ಅಂತ ದೊಡ್ಡವಳು ವಾಚ್ ನೋಡಲಿ, ಸಣ್ಣವನು ಉಂಡೆ ಎಣಿಸಲಿ. ತೂತಿನಿಂದ ಉಂಡೆಗಳು ಎಷ್ಟು ಸಾಲಿನಲ್ಲಿ ಹೊರಟಿವೆ, ನಡುವೆ ಓಡಿ ಒಳಗೆ ಹೋಗಲು ದಾರಿ ಬಿಟ್ಟಿದೆಯಾ ಅಂತಲೂ ನೋಡಲಿ. ಭರತ ಬಂದರೆ ಎಲ್ಲ ಅಳಿಸಿಹೋಗುತ್ತದೆ. ಮುಂದಿನ ಇಳಿತಕ್ಕೆ ಮತ್ತೆ ಮೊದಲಿನಿಂದ.

ಇನ್ನು ಕಪ್ಪೆಚಿಪ್ಪು. ಎಲ್ಲ ಮಕ್ಕಳೂ ಆರಿಸುತ್ತಾರೆ. ಕೆಲವು ಚಿಪ್ಪಿನಲ್ಲಿ ದಾರ ಪೋಣಿಸಲು ಹೇಳಿ ಮಾಡಿಸಿದ ಹಾಗೆ ಒಂದು ಗುಂಡು ತೂತು ಇರುತ್ತದಲ್ವಾ? ನಾನೂ ಸಣ್ಣವಳಿದ್ದಾಗ ಅದನ್ನು ಸರ ಮಾಡುವವರು ಕೊರೆದದ್ದು ಅಂದುಕೊಂಡಿದ್ದೆ. ಅದು ಕೊಲೆಯ ಗುರುತು. ಸಮುದ್ರದ ಒಂದು ಜಾತಿಯ ಬಸವನಹುಳು ಮರಳಿನೊಳಗೆ ಬಳಚನ್ನು, ಅಂದರೆ ಕಪ್ಪೆಚಿಪ್ಪಿನ ಜೀವಿಯನ್ನು, ಅಪ್ಪಿ ಹಿಡಿಯುತ್ತದೆ. ಆಮ್ಲದಂಥ ರಸ ಬಿಟ್ಟು ಚಿಪ್ಪನ್ನು ಮೆತ್ತಗೆ ಮಾಡುತ್ತದೆ. ಅರದಂಥ ನಾಲಿಗೆಯಿಂದ ಗಂಟೆಗಟ್ಟಲೆ ಕೆರೆದು ತೂತು ಮಾಡಿ ಒಳಗಿನ ಮಾಂಸ ತಿನ್ನುತ್ತದೆ. ತೂತನ್ನು ಹತ್ತಿರದಿಂದ ನೋಡಿ. ಹೊರಗೆ ಅಗಲ, ಒಳಗೆ ಕಿರಿದು. ಸ್ಕ್ರೂ ತಲೆ ಒಳಗೆ ಕೂರಲಿ ಅಂತ ಬಡಿಗ ಕೊರೆಯುವ ತೂತಿನ ಹಾಗೆ. ಬಂಡೆಗೆ ಬಡಿದು ಒಡೆದದ್ದಾದರೆ ಅಂಚು ಒರಟಾಗಿರುತ್ತದೆ.

ನೂರು ಚಿಪ್ಪು ಆರಿಸಿ ತರಲಿ. ಖಾಲಿ ಚಿಪ್ಪು ಮಾತ್ರ, ಜೀವ ಇರುವುದನ್ನು ಅಲ್ಲೇ ಬಿಡಲಿ. ನೂರರಲ್ಲಿ ತೂತು ಇರುವುದು ಎಷ್ಟು? ತೂತು ಕೀಲಿನ ಹತ್ತಿರವಾ, ನಡುವೆಯಾ, ಅಂಚಿನಲ್ಲಾ? ಉತ್ತರ ನಾನು ಹೇಳುವುದಿಲ್ಲ. ಹತ್ತು ದಿನ ಬಿಟ್ಟು ಇನ್ನೊಂದು ನೂರು ತಂದು ತಾಳೆ ನೋಡಲಿ. ಈ ಲೆಕ್ಕ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕಿ ಅಂತ ಸಂಪಾದಕರನ್ನು ಕೇಳಿಕೊಳ್ಳುತ್ತೇನೆ.

ಗೋಬಿ ಕೊಡಿಸಿ ಪರವಾಗಿಲ್ಲ. ಇಳಿತ ಮುಗಿದ ಮೇಲೆ ಕೊಡಿಸಿ. ಮಕ್ಕಳು ಬಗ್ಗಿ ನೋಡುತ್ತಿರುವಾಗ ದೊಡ್ಡವರಲ್ಲಿ ಒಬ್ಬರು ಸಮುದ್ರದ ಕಡೆ ಮುಖ ಮಾಡಿಯೇ ನಿಂತಿರಬೇಕು. ಲೋಳೆಯಂತೆ ಹೊಳೆಯುವುದು, ನೀಲಿ ಬಲೂನಿನಂಥದ್ದು ದಂಡೆಯಲ್ಲಿ ಬಿದ್ದಿದ್ದರೆ ಮುಟ್ಟಬಾರದು. ಸತ್ತಿದ್ದರೂ ಚುಚ್ಚುತ್ತದೆ.

ಪ್ರಶ್ನೆ: ನಮ್ಮ ಅಜ್ಜ, ಮನುಷ್ಯನ ನೆರಳು ಯಾವತ್ತೂ ಬಿಟ್ಟುಹೋಗುವುದಿಲ್ಲ ಅನ್ನುತ್ತಾರೆ. ನನ್ನ ಗೆಳೆಯ, ವರ್ಷದಲ್ಲಿ ಎರಡು ದಿನ ನೆರಳೇ ಇರುವುದಿಲ್ಲ ಅನ್ನುತ್ತಾನೆ. ಯಾರು ಸರಿ?
– ಏಳನೇ ತರಗತಿ ಹುಡುಗ, ಕುಮಟಾ

ಉತ್ತರ: ತಮ್ಮಾ, ಪರೀಕ್ಷೆ ಮಾಡುವ ದಿನ ರಜೆಯಲ್ಲೇ ಬರುತ್ತದೆ. ಕುಮಟಾದಲ್ಲಿ ಏಪ್ರಿಲ್ 29ರ ಆಚೀಚೆ, ಕಾರವಾರದಲ್ಲಿ 30ರ ಆಚೀಚೆ ಮಧ್ಯಾಹ್ನ ಸೂರ್ಯ ನೆತ್ತಿಗೆ ಸರಿಯಾಗಿ ಬರುತ್ತಾನೆ. ನೆರಳು ಎಲ್ಲೂ ಹೋಗುವುದಿಲ್ಲ, ಕಾಲ ಕೆಳಗೇ ಇರುತ್ತದೆ. ಆದ್ದರಿಂದ ಅಜ್ಜನೂ ಸರಿ, ಗೆಳೆಯನೂ ಸರಿ. ಹೋಗಿ ಇಬ್ಬರಿಗೂ ಹೇಳು.

ಆದರೆ ಹನ್ನೆರಡು ಗಂಟೆಗೆ ಅಂಗಳಕ್ಕೆ ಬಂದು ನೆರಳು ಇದೆಯಲ್ಲಾ ಅಂತ ನನ್ನನ್ನು ಬೈಯಬೇಡ. ನಮ್ಮ ಮಧ್ಯಾಹ್ನ ಆಗುವುದು ಹನ್ನೆರಡೂವರೆಗೆ. ಗಡಿಯಾರದ ಸಮಯವನ್ನು ದೇಶಕ್ಕೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ ಇಟ್ಟಿದ್ದಾರೆ. ಕುಮಟಾ ಅದಕ್ಕಿಂತ ಸುಮಾರು 8 ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷ. ಅಂದರೆ ಸೂರ್ಯ ನಮ್ಮಲ್ಲಿಗೆ ಅರ್ಧ ಗಂಟೆ ತಡವಾಗಿ ಬರುತ್ತಾನೆ.

ಒಂದು ಸ್ಟೀಲ್ ಡಬ್ಬಿ ತಗೋ. ಬದಿಗಳು ನೆಟ್ಟಗೆ ಇರಬೇಕು, ಸೊಟ್ಟ ಚೊಂಬು ಆಗದು. ಸಮತಟ್ಟು ಜಾಗದಲ್ಲಿ ಬಿಳಿ ಕಾಗದದ ಮೇಲೆ ಇಡು. ಜಾಗ ಸಮ ಇದೆಯಾ ಅಂತ ತಿಳಿಯಲು ಮೊದಲು ಒಂದು ತಾಟಿನಲ್ಲಿ ನೀರು ಹಾಕಿ ನೋಡು. 12 ಗಂಟೆಯಿಂದ 1 ಗಂಟೆವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ಅಂಚಿಗೆ ಪೆನ್ಸಿಲ್ ಗುರುತು ಹಾಕು. ನೆರಳು ಪಶ್ಚಿಮದಿಂದ ಡಬ್ಬಿಯ ಒಳಗೆ ಸೇರಿ ಪೂರ್ವದಿಂದ ಹೊರಗೆ ಬರುವುದು ಕಾಣುತ್ತದೆ. ಏಪ್ರಿಲ್ 25ರಿಂದ ಮೇ 5ರವರೆಗೆ ದಿನಾ ಮಾಡು. ಮೊದಲ ದಿನಗಳಲ್ಲಿ ಮಧ್ಯಾಹ್ನದ ನೆರಳು ಉತ್ತರಕ್ಕೆ ಇರುತ್ತದೆ, ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ತಿರುಗಿದ ದಿನವೇ ನಿನ್ನೂರಿನ ದಿನ. ನನ್ನ ಲೆಕ್ಕಕ್ಕಿಂತ ನಿನ್ನ ಡಬ್ಬಿಯನ್ನು ನಂಬು.

ಇನ್ನೊಂದು ಸಲ ಆಗಸ್ಟ್ ಎರಡನೇ ವಾರದಲ್ಲಿ ಬರುತ್ತದೆ. ಆದರೆ ನಮ್ಮ ಕಡೆ ಆಗ ಸೂರ್ಯನನ್ನು ನೋಡಿದವರು ಯಾರು? ದೆಹಲಿಯಲ್ಲಿ ಮಳೆ ಇಲ್ಲದಿದ್ದರೂ ಇದು ಕಾಣುವುದಿಲ್ಲ. ಅದು ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿದೆ. ಸೂರ್ಯ ಅಲ್ಲಿಯವರೆಗೆ ಹೋಗುವುದೇ ಇಲ್ಲ. ತಲೆಗೆ ಟೊಪ್ಪಿ ಹಾಕಿಕೋ, ಸೂರ್ಯನನ್ನು ನೇರವಾಗಿ ನೋಡಬೇಡ.

ಪ್ರಶ್ನೆ: ನಮ್ಮದು ಸಮುದ್ರದಿಂದ ಒಂದು ಫರ್ಲಾಂಗ್ ದೂರದ ಮನೆ. ಏಪ್ರಿಲ್ ಕೊನೆಗೆ ಬಾವಿ ನೀರು ಉಪ್ಪಾಗುತ್ತದೆ, ಮಳೆ ಬಿದ್ದ ಮೇಲೆ ಸರಿಯಾಗುತ್ತದೆ. ರಜೆಗೆ ಬಂದ ಅಕ್ಕನ ಮಗಳು ಯಾಕೆ ಯಾಕೆ ಅಂತ ತಲೆ ತಿನ್ನುತ್ತಿದ್ದಾಳೆ. ಏನು ಹೇಳಲಿ?
– ಮಾವ, ಅಂಕೋಲಾ ತಾಲೂಕು

ಉತ್ತರ: ಹೇಳಬೇಡಿ, ತೋರಿಸಿ. ಮನೆಯಲ್ಲಿ ಮುರುಗಲು (ಕೋಕಂ) ಇದ್ದೇ ಇರುತ್ತದೆ. ಒಂದು ಗಾಜಿನ ಲೋಟದಲ್ಲಿ ಅರ್ಧದಷ್ಟು ನೀರಿಗೆ ಎರಡು ಚಮಚ ಉಪ್ಪು ಕರಗಿಸಿ. ಕೆಂಪಾಗುವಷ್ಟು ಮುರುಗಲು ರಸ ಹಾಕಿ. ಅದು ಸಮುದ್ರ. ಈಗ ಚಮಚದ ಬೆನ್ನಿನ ಮೇಲಿನಿಂದ ಸಿಹಿನೀರನ್ನು ತೀರಾ ಮೆಲ್ಲಗೆ ಬಿಡಿ. ಬೆರೆಯುವುದಿಲ್ಲ. ಕೆಂಪಿನ ಮೇಲೆ ತಿಳಿನೀರು ನಿಲ್ಲುತ್ತದೆ. ನಿಮ್ಮ ಅಂಗಳದ ಕೆಳಗೆ ಇರುವುದೂ ಇದೇ. ಮಳೆಗಾಲದಲ್ಲಿ ಇಂಗಿದ ನೀರು ಸಮುದ್ರದ ನೀರಿನ ಮೇಲೆ ತೇಲುತ್ತಿದೆ. ಈಗ ಒಂದು ಸ್ಟ್ರಾ ತೆಗೆದುಕೊಂಡು ಕೆಂಪು ಗೆರೆಯ ಸ್ವಲ್ಪ ಮೇಲೆ ಹಿಡಿದು ಎಳೆಯಲು ಹೇಳಿ. ಮೆಲ್ಲಗೆ ಎಳೆದರೆ ಸಿಹಿ ಬರುತ್ತದೆ. ಜೋರಾಗಿ ಎಳೆದರೆ ಕೆಂಪು ಮೇಲೆದ್ದು ಬಾಯಿಗೆ ಬರುತ್ತದೆ. ಅವಳು ಮುಖ ಹಿಂಡಿದ ಕೂಡಲೇ ನಿಮ್ಮ ಪಂಪಿನ ಕಡೆ ಕೈ ತೋರಿಸಿ.

ಎಷ್ಟು ತೂಕದ ವ್ಯತ್ಯಾಸ ಅಂತ ಕೇಳಿಯೇ ಕೇಳುತ್ತಾಳೆ. ಒಂದೇ ಒಂದು ಲೀಟರ್ ಬಾಟಲಿಯಲ್ಲಿ ಮೊದಲು ಸಿಹಿನೀರು, ಆಮೇಲೆ ಸಮುದ್ರದ ನೀರು ತುಂಬಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಡಿ. ಸಮುದ್ರದ ನೀರು ಸುಮಾರು 25 ಗ್ರಾಂ ಜಾಸ್ತಿ ತೂಗುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಈ ಸಣ್ಣ ವ್ಯತ್ಯಾಸದಿಂದಲೇ ಒಂದು ಲೆಕ್ಕ ಹುಟ್ಟುತ್ತದೆ. ಮರಳು ನೆಲದಲ್ಲಿ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬಹುದು. ತಿರುಗಿಸಿ ಓದಿ: ಮೇಲೆ ಒಂದು ಅಡಿ ಇಳಿದರೆ ಕೆಳಗಿನ ಉಪ್ಪುನೀರು ಕ್ರಮೇಣ 40 ಅಡಿ ಮೇಲೆ ಬರಬಹುದು. ನೀವು ಎರಡು ಗಂಟೆ ಪಂಪ್ ಹಾಕಿ ತೆಂಗಿನ ಬುಡಕ್ಕೆ ನೀರು ಬಿಡುವಾಗ ಈ ಲೆಕ್ಕ ನೆನಪಿರಲಿ.

ಒಂದು ಕೆಲಸ ಅವಳ ಹೆಸರಿಗೆ ಮಾಡಿ. ಹಗ್ಗಕ್ಕೆ ಕಲ್ಲು ಕಟ್ಟಿ, ಮೊಳಕ್ಕೊಂದು ಗಂಟು ಹಾಕಿ. ದಿನಾ ಬೆಳಿಗ್ಗೆ, ನೀರು ಸೇದುವ ಮೊದಲು, ಬಾವಿಕಟ್ಟೆಯಿಂದ ನೀರಿಗೆ ಎಷ್ಟು ಗಂಟು ಅಂತ ಬರೆಯಲಿ. ಪಕ್ಕದಲ್ಲಿ ರುಚಿ: ಸಪ್ಪೆ, ಸ್ವಲ್ಪ ಉಪ್ಪು, ಉಪ್ಪು. ಕಲ್ಲು ಇಳಿಸುವಾಗ ನೀವು ಪಕ್ಕದಲ್ಲಿ ಇರಬೇಕು. ಅವಳು ಊರಿಗೆ ಹೋದ ಮೇಲೂ ನೀವು ಬರೆಯುತ್ತಾ ಹೋಗಿ. ಜೂನ್ ಮೊದಲ ವಾರ ಮಳೆ ಹಿಡಿದ ಮೇಲೆ ಎಷ್ಟು ದಿನಕ್ಕೆ ರುಚಿ ಬದಲಾಯಿತು ಅಂತ ಫೋನ್ ಮಾಡಿ ಹೇಳಿ.

ಪ್ರಶ್ನೆ: ಮಗನಿಗೆ ಕಾಡು ಅಂದರೆ ಪ್ರಾಣ. ಆದರೆ ನಮ್ಮ ಕಡೆ ಮಂಗನ ಕಾಯಿಲೆಯ ಹೆದರಿಕೆ. ಬೆಟ್ಟಕ್ಕೆ ಕಳಿಸಲೋ ಬೇಡವೋ?
– ಸಿದ್ದಾಪುರ ತಾಲೂಕಿನ ಒಬ್ಬ ತಾಯಿ

ಉತ್ತರ: ಬೇಡ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣ್ಣೆ ಹುಳದಿಂದ. ಮರಿ ಉಣ್ಣೆಗಳು ಜೋರಾಗಿರುವುದು ಚಳಿಗಾಲದಿಂದ ಬೇಸಿಗೆಯವರೆಗೆ, ರಜೆಯೂ ಅದರೊಳಗೇ ಬರುತ್ತದೆ. ಎಳ್ಳಿಗಿಂತ ಸಣ್ಣದು, ಹತ್ತಿದ್ದು ಗೊತ್ತಾಗುವುದಿಲ್ಲ. ತರಗೆಲೆಯಲ್ಲಿ ಕೂರುವುದು, ಮಲಗುವುದು ಬೇಡವೇ ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ತೋಟಕ್ಕೆ ಹೋಗಲೇಬೇಕಾದರೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿ, ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಜ್ವರ ಬಂದರೆ ಮನೆಮದ್ದು ಅಂತ ಕಾಯಬೇಡಿ.

ಬೆಟ್ಟ ಎಲ್ಲೂ ಹೋಗುವುದಿಲ್ಲ. ಈಗ ಅಂಗಳ ಸಾಕು. ಕೊಟ್ಟಿಗೆಯ ಸೂರಿನ ಕೆಳಗೆ, ಮಳೆ ನೀರು ತಾಗದ ಒಣ ಧೂಳಿನಲ್ಲಿ ಲಾಳಿಕೆಯಂಥ ಸಣ್ಣ ಸಣ್ಣ ಗುಂಡಿ ಇರುತ್ತವೆ. ನಮ್ಮ ಮನೆಯ ಜಗಲಿ ಬುಡದಲ್ಲಿ ನಲವತ್ತಾದರೂ ಇದ್ದವು. ಪರೀಕ್ಷೆಗೆ ಓದು ಅಂತ ಕೂರಿಸಿದರೆ ನಾನು ನೋಡುತ್ತಿದ್ದದ್ದು ಅದನ್ನೇ. ಗುಂಡಿಯ ತಳದಲ್ಲಿ ಒಂದು ಹುಳ ದವಡೆ ಬಿಚ್ಚಿಕೊಂಡು ಹೂತು ಕೂತಿರುತ್ತದೆ. ಇರುವೆ ಅಂಚಿಗೆ ಕಾಲಿಟ್ಟರೆ ಧೂಳು ಜಾರುತ್ತದೆ. ಹತ್ತಲು ನೋಡಿದರೆ ಕೆಳಗಿನಿಂದ ಹುಳ ತಲೆಯಲ್ಲಿ ಧೂಳು ಎರಚುತ್ತದೆ. ಇನ್ನಷ್ಟು ಜಾರುತ್ತದೆ. ಆಮೇಲೆ ಇರುವೆ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಒಣ ಸಿಪ್ಪೆ ಮಾತ್ರ ಹೊರಗೆ ಬಂದು ಬೀಳುತ್ತದೆ.

ಆ ಗುಂಡಿಯ ಇಳಿಜಾರು ಯಾಕೆ ಎಲ್ಲ ಕಡೆ ಒಂದೇ ಥರ? ಮಗನಿಗೆ ಒಂದು ಹಿಡಿ ಒಣ ಮರಳು, ಒಂದು ಹಿಡಿ ರವೆ, ಒಂದು ಹಿಡಿ ರಾಗಿ ಕೊಡಿ. ಒಂದೊಂದನ್ನೂ ಮೇಲಿನಿಂದ ಸುರಿದು ಗುಡ್ಡೆ ಮಾಡಲಿ. ಪ್ರತಿಯೊಂದಕ್ಕೂ ಅದರದ್ದೇ ಒಂದು ಇಳಿಜಾರು ಇದೆ. ಅದಕ್ಕಿಂತ ಕಡಿದಾಗಿಸಲು ಹೋದರೆ ಜಾರುತ್ತದೆ. ಹುಳ ತನ್ನ ಗುಂಡಿಯನ್ನು ಸರಿಯಾಗಿ ಆ ಅಂಚಿನಲ್ಲೇ ಇಟ್ಟಿರುತ್ತದೆ, ಇರುವೆಯ ತೂಕಕ್ಕೆ ಜಾರುವಷ್ಟು. ಇದೇ ಹುಳ ದೊಡ್ಡದಾದ ಮೇಲೆ ರೆಕ್ಕೆ ಬಂದು ಏರೋಪ್ಲೇನ್ ಚಿಟ್ಟೆಯ ಹಾಗೆ ಹಾರುತ್ತದೆ. ಹಿಡಿದು ಶೀಶೆಯಲ್ಲಿ ಹಾಕಿಡುವ ಆಸೆ ಬರುತ್ತದೆ. ಬೇಡ ಅಂತ ಹೇಳಿ. ನಾನು ಹಾಕಿಟ್ಟು ಸಾಯಿಸಿದ್ದೇನೆ.

ಮಾವಿನ ಮರದಲ್ಲಿ ಚಗಳಿ ಇರುವೆಯ ಗೂಡು ಇದ್ದರೆ ಅದನ್ನೂ ನೋಡಲಿ, ಮಾರು ದೂರದಿಂದ. ಎಲೆಗಳನ್ನು ಹೊಲಿಯುವ ನೂಲು ದೊಡ್ಡ ಇರುವೆಯದ್ದಲ್ಲ. ಮರಿಹುಳುವನ್ನು ಬಾಯಲ್ಲಿ ಹಿಡಿದು ಈ ಎಲೆಗೆ ಆ ಎಲೆಗೆ ಮುಟ್ಟಿಸುತ್ತಾ ಹೋಗುತ್ತದೆ. ನೂಲು ಬರುವುದು ಮರಿಯಿಂದ.

ಪ್ರಶ್ನೆ: ಮಗಳಿಗೆ ಮೈಕ್ರೋಸ್ಕೋಪ್ ಕೊಡಿಸಬೇಕೆಂದಿದ್ದೇನೆ. ಯಾವುದು ಒಳ್ಳೆಯದು?
– ಶಿರಸಿ

ಉತ್ತರ: ಈ ರಜೆಗೆ ಯಾವುದೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಜೇಬಿನಲ್ಲಿ ಹಿಡಿಯುವ ಭೂತಗನ್ನಡಿ ಕೊಡಿಸಿ. ಎಲ್ಲರೂ ಅದನ್ನು ಪತ್ತೇದಾರರ ಹಾಗೆ ದೂರ ಹಿಡಿದು ನೋಡುತ್ತಾರೆ. ಅದು ತಪ್ಪು. ಗಾಜನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ನೋಡುವ ವಸ್ತುವನ್ನು ಅದರ ಹತ್ತಿರ ತರಬೇಕು. ದಾಸವಾಳದ ಪರಾಗದಿಂದ ಶುರು ಮಾಡಲಿ. ರಜೆ ಮುಗಿಯುವವರೆಗೆ ಕಳೆದುಕೊಳ್ಳದೆ ಇಟ್ಟುಕೊಂಡರೆ ಆಮೇಲೆ ಮೈಕ್ರೋಸ್ಕೋಪಿನ ಮಾತು.

ಪ್ರಶ್ನೆ: ನಮ್ಮ ಕಾಲದಲ್ಲಿ ರಜೆ ಅಂದರೆ ಗೇರುಹಣ್ಣು, ಮಾವಿನಕಾಯಿ, ಹೊಳೆ. ಈ ವಿಜ್ಞಾನ ಗಿಜ್ಞಾನ ಯಾಕೆ?
– ಹಿರಿಯರೊಬ್ಬರು, ಹೊನ್ನಾವರ

ಉತ್ತರ: ಗೇರುಹಣ್ಣಿನ ಕಲೆ ಬಟ್ಟೆಯಿಂದ ಯಾಕೆ ಹೋಗುವುದಿಲ್ಲ ಅಂತ ನಿಮ್ಮ ಅಮ್ಮ ಎಷ್ಟು ಸಲ ಕೇಳಿದ್ದರು ಹೇಳಿ. ಮೊಮ್ಮಕ್ಕಳನ್ನು ಗೇರುಬೇಣಕ್ಕೆ ಕರೆದುಕೊಂಡು ಹೋಗಿ. ನಿಮ್ಮ ಕ್ಲಾಸಿಗೆ ನಾನೂ ಬರುತ್ತೇನೆ.

ಪ್ರಶ್ನೆ: ಕಾಳಿ ಸೇತುವೆ ದಾಟುವಾಗ ದಡದಲ್ಲಿ ಕೆಸರಿನ ಗಿಡಗಳು ಕಾಣುತ್ತವೆ. ಉಪ್ಪುನೀರಿನಲ್ಲಿ ನಿಂತೂ ಅವು ಯಾಕೆ ಸಾಯುವುದಿಲ್ಲ ಅಂತ ಮಗ ಕೇಳಿದ. ನನಗೆ ಗೊತ್ತಿಲ್ಲ.
– ಬಸ್ ನಿರ್ವಾಹಕ, ಕಾರವಾರ

ಉತ್ತರ: ಅವು ಕಾಂಡ್ಲಾ ಗಿಡಗಳು, ಅಂದರೆ ಮ್ಯಾಂಗ್ರೋವ್. ಮಗನ ಪ್ರಶ್ನೆಗೆ ಎರಡು ಉತ್ತರ ಇದೆ. ಅದಕ್ಕೇ ನೀವು ಒಂದು ಭಾನುವಾರ ರಜೆ ಹಾಕಬೇಕು. ಇಳಿತದಲ್ಲಿ ಹೋಗಿ. ಕಾಂಡ್ಲಾ ನೋಡಲೆಂದೇ ಅರಣ್ಯ ಇಲಾಖೆಯವರು ಹಲಗೆ ದಾರಿ ಮಾಡಿದ್ದಾರೆ, ಕೆಸರಿಗೆ ಇಳಿಯಬೇಕಾಗಿಲ್ಲ.

ಕೊಡೆಯ ಕಡ್ಡಿಗಳ ಹಾಗೆ ಬೇರು ಬಿಟ್ಟು ನಿಂತದ್ದು ಒಂದು ಜಾತಿ. ಅದು ಬೇರಿನಲ್ಲೇ ಉಪ್ಪನ್ನು ಸೋಸಿ ಹೆಚ್ಚಿನದನ್ನು ಹೊರಗೆ ಬಿಡುತ್ತದೆ. ಅದರ ಕೊಂಬೆಯಲ್ಲಿ ನುಗ್ಗೆಕಾಯಿಯಂಥದ್ದು ಜೋತಾಡುತ್ತಿದ್ದರೆ ಅದು ಕಾಯಿ ಅಲ್ಲ, ಸಸಿ. ಬೀಜ ತಾಯಿಮರದಲ್ಲೇ ಮೊಳೆತು, ಬೆಳೆದು, ಆಮೇಲೆ ಬೀಳುತ್ತದೆ. ಇಳಿತದಲ್ಲಿ ಬಿದ್ದರೆ ಕೆಸರಿಗೆ ನೆಟ್ಟುಕೊಳ್ಳಬಹುದು, ಭರತದಲ್ಲಿ ಬಿದ್ದರೆ ತೇಲಿಕೊಂಡು ಇನ್ನೊಂದು ಊರಿಗೆ.

ಇನ್ನೊಂದು ಜಾತಿಯ ಸುತ್ತ ಕೆಸರಿನಿಂದ ಪೆನ್ಸಿಲ್ ನಿಲ್ಲಿಸಿದ ಹಾಗೆ ನೂರಾರು ಕಡ್ಡಿ ಎದ್ದಿರುತ್ತವೆ. ಅವೂ ಬೇರೇ. ಕೆಸರಿನಲ್ಲಿ ಗಾಳಿ ಇಲ್ಲ ಅಂತ ಮೇಲೆ ಬಂದು ಉಸಿರಾಡುತ್ತವೆ. ಇದನ್ನು ಉಪ್ಪಟಿ ಅನ್ನುತ್ತಾರೆ. ಇದು ಉಪ್ಪನ್ನು ಒಳಗೆ ಬಿಟ್ಟುಕೊಂಡು ಎಲೆಯಿಂದ ಹೊರಗೆ ಹಾಕುತ್ತದೆ. ಮಳೆ ಇಲ್ಲದ ಈ ದಿನಗಳಲ್ಲಿ ಮಧ್ಯಾಹ್ನ ಎಲೆಯ ಮೇಲೆ ಬಿಳಿ ಪುಡಿ ಕಾಣುತ್ತದೆ. ಯಾವ ಗಿಡದ ಕೊಂಬೆಯನ್ನೂ ಮುರಿಯಬೇಡಿ. ಕಾಂಡ್ಲಾದ ನಡುವೆ ಹಾಲು ಸುರಿಯುವ ಒಂದು ಮರವೂ ಇದೆ, ಅದರ ಹಾಲು ಕಣ್ಣಿಗೆ ಬಿದ್ದರೆ ಕಷ್ಟ. ಆದ್ದರಿಂದ ಗೊತ್ತಿರುವವರನ್ನು ಕೇಳಿ ಉಪ್ಪಟಿ ಹೌದೋ ಅಲ್ಲವೋ ಖಚಿತ ಮಾಡಿಕೊಳ್ಳಿ. ಹೌದಾದರೆ ಆ ಬಿಳಿ ಪುಡಿಯನ್ನು ಬೆರಳ ತುದಿಯಲ್ಲಿ ಒರೆಸಿ ನಾಲಿಗೆಗೆ ಇಡಿ. ಮೊದಲು ನೀವು. ನಿಮ್ಮ ಮುಖ ನೋಡಿಕೊಂಡು ಮಗ ಆಮೇಲೆ ಇಡುತ್ತಾನೆ.